ಮನೆವಾರ್ತೆಯವನ ಲೆಕ್ಕ

ಕಳೆದ ತಿಂಗಳ ಸಂಚಿಕೆ ಕೈಗೆ ಸಿಕ್ಕಿದ ವಾರವೇ ಒಬ್ಬ ಹುಡುಗ ಫೋನ್ ಮಾಡಿದ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಮೆಷಿನ್ ಆಪರೇಟರ್, ಹಾಸನ ಕಡೆಯವನು, ನೈರೋಬಿಗೆ ಬಂದು ಎಂಟು ತಿಂಗಳಾಗಿದೆ ಅಷ್ಟೆ. "ಅಣ್ಣಾ, ಒಂದು ಡೌಟು. ದಶಮಾಂಶ ಕೊಡೋದು ಗ್ರಾಸ್ ಮೇಲೋ, ನೆಟ್ ಮೇಲೋ?"

ಅವನು ಹೋಗುವ ಸಭೆಯಲ್ಲಿ ಗ್ರಾಸ್ ಅಂದರಂತೆ. ರೂಮಿನಲ್ಲಿ ಜೊತೆಗಿರುವವನು "ಕೈಗೆ ಬಾರದ ದುಡ್ಡಿಗೆ ಯಾರಾದ್ರೂ ದಶಮಾಂಶ ಕೊಡ್ತಾರಾ" ಅಂತ ನಕ್ಕನಂತೆ. "ನೀವು ಅಕೌಂಟೆಂಟ್ ಅಲ್ವಾ, ನೀವೇ ಹೇಳಿ" ಅಂದ.

ಈ ಅಂಕಣದಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಪೇ-ಸ್ಲಿಪ್, ಊರಿಗೆ ಹಣ ಕಳಿಸುವುದು, ಪರ್ಮಿಟ್ ಖರ್ಚು ಇಂಥ ವಿಚಾರ. ಧರ್ಮದ ವಿಷಯ ಬರೆಯಲು ನಾನು ಸಭಾಪಾಲಕನೂ ಅಲ್ಲ, ಓದಿದ್ದು ಬರೀ ಬಿಕಾಂ. ಆದರೆ ಹುಡುಗ ಕೇಳಿದ್ದು ಪೇ-ಸ್ಲಿಪ್ಪಿನ ಪ್ರಶ್ನೆಯೇ ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ. ಕ್ರೈಸ್ತರಲ್ಲದ ಓದುಗರು ಈ ಪುಟ ಬಿಟ್ಟು ಹೋಗಬೇಡಿ. ಮುಂದೆ ಬರುವ ಕಥೆಯಲ್ಲಿ ನಿಮ್ಮಲ್ಲಿ ಕೆಲವರ ದುಡ್ಡೂ ಉಂಟು.

ಒಂದು ಲಕ್ಷ ಶಿಲಿಂಗ್ ಗ್ರಾಸ್ ಸಂಬಳ ಅಂತ ಇಟ್ಟುಕೊಳ್ಳಿ. 2025ರ ದರದಲ್ಲಿ ಎನ್‌ಎಸ್‌ಎಸ್‌ಎಫ್ 4,320, ಆರೋಗ್ಯ ನಿಧಿಗೆ ಶೇಕಡಾ 2.75ರಂತೆ 2,750, ಹೌಸಿಂಗ್ ಲೆವಿ ಶೇಕಡಾ 1.5ರಂತೆ 1,500. ಇವನ್ನು ಕಳೆದು ಉಳಿದದ್ದರ ಮೇಲೆ ತೆರಿಗೆ ಹಾಕಿ, 2,400 ರಿಲೀಫ್ ಕೊಟ್ಟರೆ ಪಿಎವೈಇ ಸುಮಾರು 19,800 ಆಗುತ್ತದೆ. ಕೈಗೆ ಬರುವುದು 71,600 ಚಿಲ್ಲರೆ. ಗ್ರಾಸ್ ಮೇಲೆ ದಶಮಾಂಶ 10,000, ನೆಟ್ ಮೇಲೆ 7,160. ವ್ಯತ್ಯಾಸ 2,840 ಶಿಲಿಂಗ್. ಒಂಟಿ ಹುಡುಗನಿಗೆ ಅದು ಒಂದು ವಾರದ ಊಟ.

ಹಳೆ ಒಡಂಬಡಿಕೆಯ ದಶಮಾಂಶ ಇದ್ದದ್ದು ಹೊಲದ ಬೆಳೆಗೆ, ಎಣ್ಣೆಗೆ, ದ್ರಾಕ್ಷಾರಸಕ್ಕೆ, ಹಿಂಡಿಗೆ. ಅಲ್ಲಿ ಪೇ-ಸ್ಲಿಪ್ ಇರಲಿಲ್ಲ. ಹೊಸ ಒಡಂಬಡಿಕೆಯಲ್ಲಿ ಪೌಲ ಕೊರಿಂಥದವರಿಗೆ ಕಾಣಿಕೆಯ ವಿಷಯ ಎರಡು ಅಧ್ಯಾಯ ಪೂರ್ತಿ ಬರೆದರೂ ಶೇಕಡಾ ಇಷ್ಟು ಅಂತ ಒಂದು ಕಡೆಯೂ ಹೇಳುವುದಿಲ್ಲ. ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಷ್ಟು ಕೊಡಲಿ, ಇರುವುದಕ್ಕೆ ತಕ್ಕ ಹಾಗೆ ಕೊಡಲಿ, ಇಲ್ಲದ್ದನ್ನು ಲೆಕ್ಕ ಹಿಡಿಯುವುದಿಲ್ಲ ಅನ್ನುವುದು ಅವನ ಮಾತಿನ ಸಾರ. ನಾನು ಕೊಡುವುದು ಗ್ರಾಸ್ ಮೇಲೆ. ಅದು ನನ್ನ ಅಪ್ಪನಿಂದ ಬಂದ ರೂಢಿ, ನನಗೆ ನಿಭಾಯಿಸಲೂ ಆಗುತ್ತದೆ. ಆ ಹುಡುಗನಿಗೆ ಮಾತ್ರ ನಾನು ಹೇಳಿದ್ದು ಬೇರೆ: "ಏಜೆಂಟನಿಗೆ ಕೊಡಲು ಮಾಡಿದ ಸಾಲ ಊರಿನಲ್ಲಿ ಇನ್ನೂ ಉಂಟಲ್ಲ, ಮೊದಲು ಅದು ತೀರಲಿ. ಅಲ್ಲಿವರೆಗೆ ಎಷ್ಟಾಗ್ತದೋ ಅಷ್ಟು ಕೊಡು. ದೇವರು ಬಡ್ಡಿ ಹಾಕುವುದಿಲ್ಲ."

ಇನ್ನೊಂದು ಮಾತೂ ಹೇಳಿದೆ. ಇಲ್ಲಿ ಎಷ್ಟೋ ಚರ್ಚುಗಳ ಗೋಡೆಯ ಮೇಲೆಯೇ ಎಂ-ಪೆಸಾ ಪೇಬಿಲ್ ನಂಬರ್ ಇರುತ್ತದೆ. ಕಾಣಿಕೆ ಹೊತ್ತಿಗೆ ಜನ ಫೋನ್ ತೆಗೆಯುತ್ತಾರೆ. ಬ್ಯಾಲೆನ್ಸ್ ಇಲ್ಲದಿದ್ದರೆ ಫುಲಿಜಾ ಅನ್ನುವ ಓವರ್‌ಡ್ರಾಫ್ಟ್ ಅಲ್ಲೇ ಕಾಯುತ್ತಿರುತ್ತದೆ. ಫುಲಿಜಾದಿಂದ ಕಾಣಿಕೆ ಹಾಕುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಸಾಲ ಮಾಡಿ ಕೊಟ್ಟದ್ದು ನಿಮ್ಮ ಕಾಣಿಕೆ ಅಲ್ಲ, ಸಾಲ ಕೊಟ್ಟವನದ್ದು. ಪಕ್ಕದವರು ನೋಡುತ್ತಾರೆ ಅಂತ ನಾಚಿಕೆಯಾದರೆ ಫೋನ್ ಜೇಬಿನಲ್ಲೇ ಇಟ್ಟುಕೊಳ್ಳಿ.

ನನ್ನ ಅಜ್ಜಿಗೆ ಈ ಗ್ರಾಸ್-ನೆಟ್ ಯಾವುದೂ ಗೊತ್ತಿರಲಿಲ್ಲ. ಉಡುಪಿ ಹತ್ತಿರದ ನಮ್ಮ ಮನೆಯಲ್ಲಿ ಒಲೆಯ ಪಕ್ಕ ಒಂದು ತಗಡಿನ ಡಬ್ಬಿ ಇತ್ತು. ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಆ ಡಬ್ಬಿಗೆ ಹಾಕುತ್ತಿದ್ದರು. ಎರಡು ಹೊತ್ತು, ಎರಡು ಹಿಡಿ. ತಿಂಗಳ ಕೊನೆಗೆ ಅದು ಸಭೆಗೆ ಹೋಗುತ್ತಿತ್ತು, ಅಲ್ಲಿಂದ ಯಾರ ಮನೆಯಲ್ಲಿ ಒಲೆ ಉರಿಯುತ್ತಿಲ್ಲವೋ ಅವರ ಮನೆಗೆ. ಇದೇ ರೂಢಿ ಮಿಜೋರಾಂನ ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿದೆ, ಅಲ್ಲಿ ಅದಕ್ಕೆ ಬುಹ್‌ಫಾಯ್ ಥಾಮ್ ಅನ್ನುತ್ತಾರೆ. ಅಜ್ಜಿಯ ಮನೆಯಲ್ಲಿ ಅಕ್ಕಿ ಕಡಿಮೆ ಇದ್ದ ದಿನ ಹಿಡಿಯೂ ಸಣ್ಣದಾಗುತ್ತಿತ್ತು. ಅಷ್ಟೇ ಲೆಕ್ಕ.

ಸುಗ್ಗಿ ಹಬ್ಬದ ದಿನ ಮಾತ್ರ ಗಮ್ಮತ್ತು. ಮೊದಲ ಫಲ ಅಂತ ಸೌತೆಕಾಯಿ, ಬಾಳೆಗೊನೆ, ಎಳನೀರು, ಕಾಲು ಕಟ್ಟಿದ ಕೋಳಿ ಎಲ್ಲ ಬರುತ್ತಿದ್ದವು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಒಂದು ಕುಂಬಳಕಾಯಿಯನ್ನು ಒಬ್ಬರು ಕೂಗಿ ತೆಗೆದುಕೊಂಡು ಮತ್ತೆ ಸಭೆಗೇ ಕೊಡುವುದು, ಅದು ಪುನಃ ಏಲಂ ಆಗುವುದು. ಹೀಗೆ ಮೂರು ಸಲ ಮಾರಿದ ಕುಂಬಳಕಾಯಿಯನ್ನು ಕೊನೆಗೆ ಅಪ್ಪ ಮನೆಗೆ ತಂದದ್ದುಂಟು. ಅಮ್ಮ ಒಂದು ವಾರ ಮಾತಾಡಲಿಲ್ಲ.

ಆದರೆ ನನಗೆ ನೆನಪಿರುವುದು ಏಲಂ ಅಲ್ಲ, ಅದರ ಮುಂದಿನ ಭಾನುವಾರ. ಸಭೆಯ ಖಜಾಂಚಿ ನಿಂತು ಒಂದು ಕಾಗದ ಓದುತ್ತಿದ್ದರು: ಒಟ್ಟು ಇಷ್ಟು, ಖರ್ಚು ಇಷ್ಟು, ಉಳಿದದ್ದು ಇಷ್ಟು, ಇಂಥ ಕೆಲಸಕ್ಕೆ. ಚಿಲ್ಲರೆ ಪೈಸೆ ಸಮೇತ. ಹುಡುಗರಾದ ನಮಗೆ ಆಕಳಿಕೆ ಬರುತ್ತಿತ್ತು.

ನಮ್ಮ ಕನ್ನಡ ಬೈಬಲಿನಲ್ಲಿ ಪೌಲನ ಪತ್ರಗಳಲ್ಲಿ ಒಂದು ಚಂದದ ಪದ ಬರುತ್ತದೆ, ಮನೆವಾರ್ತೆಯವನು. ಮನೆ ಅವನದ್ದಲ್ಲ. ಕಣಜದ ಬೀಗದ ಕೈ ಅವನ ಸೊಂಟದಲ್ಲಿ, ಧಾನ್ಯ ಧಣಿಯದ್ದು. ನಾವು ಔದಾರ್ಯ ಅಂದರೆ ಕೊಡುವುದು ಅಂತಷ್ಟೇ ತಿಳಿದಿರುತ್ತೇವೆ. ಮನೆವಾರ್ತೆಯವನಿಗೆ ಕೊಡುವುದು ಅರ್ಧ ಕೆಲಸ, ಕೊಟ್ಟದ್ದನ್ನು ಒಪ್ಪಿಸುವುದು ಇನ್ನರ್ಧ. ಲೂಕನ ಸುವಾರ್ತೆಯ ಸಾಮ್ಯದಲ್ಲಿ ಧಣಿ ಅವನನ್ನು ಕರೆಸಿ ಮೊದಲು ಕೇಳುವುದೇ ಲೆಕ್ಕ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ ಕೆಲಸ ಈಗ ಹೇಳುತ್ತೇನೆ.

ನಾನಿರುವುದು ರಿವರ್‌ಸೈಡ್‌ನಲ್ಲಿ, ಕಂಪನಿ ಕೊಟ್ಟ ಫ್ಲ್ಯಾಟಿನಲ್ಲಿ. ಭಾನುವಾರ ನಾವು ಕನ್ನಡದ ಕ್ರೈಸ್ತರು ಒಬ್ಬೊಬ್ಬರು ಒಂದೊಂದು ಕಡೆ ಹೋಗುತ್ತೇವೆ. ಕೆಲವರು ಆಲ್ ಸೇಂಟ್ಸ್ ಕೆಥೀಡ್ರಲ್‌ಗೆ, ಮಂಗಳೂರಿನ ಕ್ಯಾಥೋಲಿಕರು ವೆಸ್ಟ್‌ಲ್ಯಾಂಡ್ಸ್‌ನ ಕನ್ಸೊಲಾಟಾಗೆ, ಇನ್ನು ಕೆಲವರು ಪೆಂತೆಕೊಸ್ತಿನ ಸಭೆಗಳಿಗೆ. ತಿಂಗಳ ಕೊನೆಯ ಶನಿವಾರ ಮಾತ್ರ ನಮ್ಮ ಫ್ಲ್ಯಾಟಿನಲ್ಲಿ ಕನ್ನಡ ಪ್ರಾರ್ಥನೆ. ಹದಿನೈದು ಇಪ್ಪತ್ತು ಜನ, ಆಮೇಲೆ ಚಹಾ, ಚಕ್ಕುಲಿ.

ಎರಡು ವರ್ಷದ ಹಿಂದೆ ಕುಂದಾಪುರ ಕಡೆಯ ಒಬ್ಬ ಅಡುಗೆಯವರಿಗೆ ಇಲ್ಲಿ ಸ್ಟ್ರೋಕ್ ಆಯಿತು. ಅವರು ನಮ್ಮ ಪ್ರಾರ್ಥನೆಗೆ ಬರುವವರಲ್ಲ, ಹಿಂದೂಗಳು. ಆದರೆ ಆ ಚಕ್ಕುಲಿ ಅವರು ಮಾಡಿ ಕಳಿಸುತ್ತಿದ್ದದ್ದು. ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಹಣ ಎತ್ತಬೇಕು ಅಂದಾಗ ಎಲ್ಲರೂ ಒಂದೇ ಮಾತು ಹೇಳಿದರು, "ಅಕೌಂಟೆಂಟ್ ಇದ್ದಾರಲ್ಲ, ಅವರ ನಂಬರಿಗೆ ಹಾಕುವ." ಈ ದೇಶದಲ್ಲಿ ಹರಾಂಬೆ ಅಂದರೆ ಎಲ್ಲರೂ ಸೇರಿ ಎಳೆಯುವುದು, ಅದನ್ನು ರಾಷ್ಟ್ರ ಲಾಂಛನದಲ್ಲೇ ಬರೆದಿದ್ದಾರೆ. ನಮ್ಮವರೂ ಎಳೆದರು. ತೊಂಬತ್ತಮೂರು ಜನ, ಜಾತಿ ಧರ್ಮ ನೋಡದೆ. ನಾಲ್ಕು ದಿನದಲ್ಲಿ 3,86,400 ಶಿಲಿಂಗ್ ನನ್ನ ಎಂ-ಪೆಸಾಗೆ ಬಂತು.

ಆಸ್ಪತ್ರೆಗೆ 2,41,750. ಅವರಿಗೂ ಜೊತೆಗೆ ಹೋದವನಿಗೂ ಟಿಕೆಟ್ 1,08,000. ಔಷಧಿ, ಟ್ಯಾಕ್ಸಿ ಸೇರಿ 8,900. ಅವರು ಊರು ಮುಟ್ಟಿದರು, ನಾವೆಲ್ಲ ದೇವರಿಗೆ ಸ್ತೋತ್ರ ಹೇಳಿದೆವು, ಅಲ್ಲಿಗೆ ಮುಗಿಯಿತು ಅಂದುಕೊಂಡೆ.

(ಇಲ್ಲಿ ಒಂದು ಮಾತು. ವಿದೇಶದಲ್ಲಿರುವ ಭಾರತೀಯರಿಗಾಗಿ 2009ರಲ್ಲಿ ಶುರುವಾದ ಇಂಡಿಯನ್ ಕಮ್ಯೂನಿಟಿ ವೆಲ್ಫೇರ್ ಫಂಡ್ ಅಂತ ಒಂದು ಉಂಟು, ಭಾರತೀಯ ಹೈಕಮಿಷನ್ ಮೂಲಕ ಸಿಗುತ್ತದೆ. ತೀರಾ ಕಷ್ಟದಲ್ಲಿರುವವರ ತುರ್ತು ಚಿಕಿತ್ಸೆಗೆ, ಊರಿಗೆ ಹೋಗುವ ಟಿಕೆಟಿಗೆ, ಮೃತದೇಹ ಕಳಿಸಲು ಅದರಿಂದ ಸಹಾಯ ಕೇಳಬಹುದು. ನನಗೆ ಆಗ ನೆನಪೇ ಆಗಲಿಲ್ಲ. ನಿಮಗೆ ಆಗಲಿ.)

ಎರಡು ತಿಂಗಳ ನಂತರದ ಪ್ರಾರ್ಥನೆಯಲ್ಲಿ ಒಬ್ಬ ಅಕ್ಕ ಕೇಳಿದರು. ಬ್ರಹ್ಮಾವರ ಕಡೆಯವರು, ಇಲ್ಲಿ ಒಂದು ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸ. ಅವರು ಹಾಕಿದ್ದು 300 ಶಿಲಿಂಗ್. "ಬ್ರದರ್, ಆ ಹಣದಲ್ಲಿ ಉಳಿದದ್ದು ಎಷ್ಟು?"

ನನಗೆ ಕೋಪ ಬಂತು. ನಿಜ ಹೇಳಬೇಕಾದರೆ ಕೋಪಕ್ಕಿಂತ ಹೆಚ್ಚು, ಅವಮಾನ. ಹನ್ನೊಂದು ದಿನ ಆಸ್ಪತ್ರೆಗೆ ಓಡಾಡಿದವನು ನಾನು. "ಯಾಕಕ್ಕ, ನನ್ನ ಮೇಲೆ ನಂಬಿಕೆ ಇಲ್ವಾ?" ಅಂದೆ.

"ನಂಬಿಕೆ ಉಂಟು ಮಾರಾಯ್ರೆ. ಇಲ್ಲದಿದ್ರೆ ಕೊಡ್ತಾನೇ ಇರ್ಲಿಲ್ಲ. ಉಳಿದದ್ದು ಎಷ್ಟು ಅಂತ ಕೇಳಿದ್ದು ಅಷ್ಟೆ."

ಆ ರಾತ್ರಿ ಎಂ-ಪೆಸಾ ಸ್ಟೇಟ್‌ಮೆಂಟ್ ತೆಗೆದು ಕೂತೆ. ಒಂದು ರಾತ್ರಿಯಲ್ಲಿ ಮುಗಿಯಲಿಲ್ಲ, ನಾಲ್ಕು ರಾತ್ರಿ ಬೇಕಾಯಿತು. ಯಾಕಂದರೆ ಅದೇ ನಂಬರಿನಿಂದ ನನ್ನ ತರಕಾರಿ, ಮಗಳ ಸ್ಕೂಲ್ ಬಸ್ಸು, ಕರೆಂಟ್ ಟೋಕನ್, ಎಲ್ಲ ಹೋಗಿತ್ತು. ಕಾಗದದ ಮೇಲೆ ಉಳಿಯಬೇಕಾದದ್ದು 27,750. ಅಕ್ಕ ಕೇಳಿದ ದಿನ ನನ್ನ ಫೋನಿನಲ್ಲಿ ಇದ್ದದ್ದು 6,210. ಅದಷ್ಟೂ ಅಡುಗೆಯವರ ಹಣ ಅಂತಲೇ ಲೆಕ್ಕ ಹಿಡಿದರೂ 21,540 ಶಿಲಿಂಗ್ ನಾನು ತಿಂದಿದ್ದೆ. ಕದಿಯಬೇಕು ಅಂತ ಅಲ್ಲ, ಗೊತ್ತಿಲ್ಲದೆ. ಆದರೆ ಯಾವುದಾದರೂ ಕಂಪನಿಯ ಕ್ಯಾಶಿಯರ್ ಹೀಗೆ ಹೇಳಿದರೆ ನಾನು ಆಡಿಟ್ ಫೈಲಿನಲ್ಲಿ 'ಗೊತ್ತಿಲ್ಲದೆ' ಅಂತ ಬರೆಯುತ್ತಿದ್ದೆನಾ? ಇಪ್ಪತ್ತು ವರ್ಷದಿಂದ ಬೇರೆಯವರ ಪುಸ್ತಕ ತಿದ್ದಿದವನು ನಾನು.

ಸಂಬಳ ಬಂದ ದಿನ ಹಣ ತುಂಬಿಸಿ, ಗ್ರೂಪಿನಲ್ಲಿ ಪೂರ್ತಿ ಲೆಕ್ಕ ಹಾಕಿದೆ. ಈ 21,540ರ ಸಾಲನ್ನೂ ಬಿಡದೆ ಬರೆದೆ. ಇಬ್ಬರು ಗ್ರೂಪ್ ಬಿಟ್ಟು ಹೋದರು. ಉಳಿದವರು ಏನೂ ಹೇಳಲಿಲ್ಲ, ಅದು ಇನ್ನೂ ಕಷ್ಟ. ಉಳಿದ ಹಣ ಏನು ಮಾಡುವುದು ಅಂತ ಚರ್ಚೆ ಆಯಿತು. ಪ್ರಾರ್ಥನೆಗೆ ಕುರ್ಚಿ ತರುವ ಅಂದರು ಒಬ್ಬರು. ನಾನು ಅಷ್ಟರಲ್ಲಿ ಬುದ್ಧಿ ಕಲಿತಿದ್ದೆ: ಯಾರ ಹೆಸರಿನಲ್ಲಿ ಎತ್ತಿದ ಹಣವೋ ಅದು ಅವರದ್ದೇ. ಅಡುಗೆಯವರ ಹೆಂಡತಿಯ ಖಾತೆಗೆ ಅಷ್ಟನ್ನೂ ಕಳಿಸಿದೆವು. ಫಿಸಿಯೋಥೆರಪಿಗೆ ಆಯಿತು ಅಂತ ಅವರು ಆಮೇಲೆ ಫೋನ್ ಮಾಡಿ ಹೇಳಿದರು.

ಅಲ್ಲಿಂದ ಮೇಲೆ ಬೈಬಲ್ ಓದುವಾಗ ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ. ಅರಸುಗಳು ಎರಡನೇ ಪುಸ್ತಕದ ಹನ್ನೆರಡನೇ ಅಧ್ಯಾಯ ತೆಗೆದು ನೋಡಿ. ದೇವಾಲಯದ ರಿಪೇರಿಗೆ ಜನ ಕೊಟ್ಟ ಹಣ ಯಾಜಕರ ಕೈಗೆ ಹೋಗುತ್ತಿತ್ತು. ಅರಸ ಯೋವಾಷನ ಆಳ್ವಿಕೆಯ ಇಪ್ಪತ್ತಮೂರನೇ ವರ್ಷ ಬಂದರೂ ರಿಪೇರಿ ಆಗಿರಲಿಲ್ಲ. ಯಾರೂ ಕಳ್ಳರು ಅಂತ ಅಲ್ಲಿ ಬರೆದಿಲ್ಲ. ಯಾಜಕ ಯೆಹೋಯಾದ ಒಂದು ಪೆಟ್ಟಿಗೆ ತಂದು ಮುಚ್ಚಳಕ್ಕೆ ತೂತು ಕೊರೆಸಿ ಯಜ್ಞವೇದಿಯ ಪಕ್ಕ ಇಡಿಸಿದ. ತುಂಬಿದಾಗ ಅರಸನ ಲೇಖಕ ಒಬ್ಬ, ಮಹಾಯಾಜಕ ಒಬ್ಬ, ಇಬ್ಬರೂ ಕೂತು ಎಣಿಸಬೇಕು. ರಿಪೇರಿ ಶುರುವಾಯಿತು! ನಾವು ಬಿಕಾಂನಲ್ಲಿ ಇಂಟರ್ನಲ್ ಚೆಕ್ ಅಂತ ಒಂದು ಪಾಠ ಓದಿದ್ದೆವು. ಆ ಪೆಟ್ಟಿಗೆಯಲ್ಲಿ ಇದ್ದದ್ದು ಅದೇ.

ಪೌಲನೂ ಅಷ್ಟೆ. ಯೆರೂಸಲೇಮಿನ ಬಡವರಿಗೆ ಎತ್ತಿದ ಹಣ ಒಯ್ಯುವ ಕೆಲಸಕ್ಕೆ ತೀತನ ಜೊತೆ ಇನ್ನಿಬ್ಬರನ್ನು ಕಳಿಸುತ್ತಾನೆ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರ ಅಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅನ್ನುವುದು ಕಾರಣ. ಅಪೊಸ್ತಲನಿಗೇ ಅವಮಾನ ಆಗಲಿಲ್ಲ, ನನಗೆ ಆಗಿತ್ತು ನೋಡಿ.

ಹಣ ಎಲ್ಲಿಂದ ಬಂತು ಅನ್ನುವುದೂ ಲೆಕ್ಕದ ಒಂದು ಭಾಗ. 2024ರ ನವೆಂಬರ್‌ನಲ್ಲಿ ಇದೇ ನೈರೋಬಿಯ ಸೊವೆಟೊ ಕ್ಯಾಥೋಲಿಕ್ ಚರ್ಚಿಗೆ ಅಧ್ಯಕ್ಷ ರೂಟೊ 26 ಲಕ್ಷ ಶಿಲಿಂಗ್ ಕೊಟ್ಟು, ಮೇಲೆ ಇನ್ನೂ ಕೊಡುವ ಮಾತು ಕೊಟ್ಟಿದ್ದರು. ಆರ್ಚ್‌ಬಿಷಪ್ ಫಿಲಿಪ್ ಅನ್ಯೋಲೊ ಅದನ್ನು ವಾಪಸ್ ಕೊಡುತ್ತೇವೆ ಅಂತ ಪ್ರಕಟಣೆ ಹೊರಡಿಸಿದರು. ಚರ್ಚು ರಾಜಕೀಯದವರ ವೇದಿಕೆ ಆಗಬಾರದು ಅನ್ನುವುದು ಅವರ ನಿಲುವು. ಆಫೀಸಿನಲ್ಲಿ ಒಂದು ವಾರ ಇದೇ ಚರ್ಚೆ. ಬಡ ಚರ್ಚಿಗೆ ಬಂದದ್ದನ್ನು ಬೇಡ ಅನ್ನಬಾರದಿತ್ತು ಅಂದವರೂ ಇದ್ದರು. ನನಗೆ ಅವರು ಮಾಡಿದ್ದು ಸರಿ ಅನ್ನಿಸಿತು.

ಇನ್ನು ದಿನದ ಜೀವನದ ವಿಷಯ. ಚರ್ಚಿನಲ್ಲಿ ಕೊಡುವುದು ತಿಂಗಳಿಗೆ ನಾಲ್ಕು ಸಲ, ಮನೆಯಲ್ಲಿ ದಿನಾ. ನಮ್ಮ ಕರಾವಳಿಯ ಹಳೆಯ ಸಭೆಗಳು ಕಲಿತದ್ದು ಇದನ್ನೇ. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂದಾಗ ಸಭೆ ಸೇರಿದ ಎಷ್ಟೋ ಜನ ಮನೆ, ಗೇಣಿ ಭೂಮಿ, ಕುಲದ ಕೆಲಸ ಎಲ್ಲ ಕಳಕೊಂಡರು. ಅವರಿಗೆ ದಿನಾ ಗಂಜಿ ಹಾಕುವುದರಿಂದ ಏನೂ ಆಗುವುದಿಲ್ಲ ಅಂತ ಗೊತ್ತಾಗಿ ನೇಯ್ಗೆ ಶುರು ಮಾಡಿದರು, 1865ರಲ್ಲಿ ಪ್ಲೆಬ್‌ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಹೆಂಚು ಹಡಗಿನಲ್ಲಿ ಪೂರ್ವ ಆಫ್ರಿಕಾದ ಈ ಕರಾವಳಿಗೂ ಬಂತು, ನಮಗಿಂತ ಮುಂಚೆ. ದುಡಿಮೆ ಮತ್ತು ಕೂಲಿ, ಅದೇ ಅಲ್ಲಿ ದೊಡ್ಡ ದಾನ ಆಗಿದ್ದದ್ದು. ಆ ಕಾರ್ಖಾನೆಗಳ ಕಟ್ಟುನಿಟ್ಟಿನ ಬಗ್ಗೆ ದೂರುಗಳೂ ಇದ್ದವು, ಅದು ಬೇರೆ ಕಥೆ.

ಈಗ ನಮ್ಮನ್ನೇ ನೋಡಿಕೊಳ್ಳುವ. ನಮ್ಮ ಫ್ಲ್ಯಾಟಿನ ಕೆಲಸಕ್ಕೆ ಬರುವ ಹೆಂಗಸು ಕಾಂಗೇಮಿಯಿಂದ ಬರುತ್ತಾರೆ, ಮಟಾಟು ದುಡ್ಡು ಉಳಿಸಲು ಎಷ್ಟೋ ದಿನ ನಡೆದೇ. ನನಗೆ ಸಂಬಳ ಇಪ್ಪತ್ತೆಂಟಕ್ಕೆ ಆಗುತ್ತದೆ. ದಶಮಾಂಶ ಅದರ ಮುಂದಿನ ಭಾನುವಾರವೇ ಹೋಗುತ್ತದೆ. ಅವರಿಗೆ ಕೊಡುತ್ತಿದ್ದದ್ದು ಐದನೇ ತಾರೀಕಿಗೆ, ಕೆಲವು ತಿಂಗಳು ಏಳಕ್ಕೆ. ಕೂಲಿಯವನ ಕೂಲಿ ಬೆಳಗಿನ ತನಕವೂ ನಿನ್ನ ಹತ್ತಿರ ಇರಬಾರದು ಅಂತ ಯಾಜಕಕಾಂಡ ಹೇಳುವುದನ್ನು ನಾನೇ ಪ್ರಾರ್ಥನೆಯಲ್ಲಿ ಓದಿದ್ದೇನೆ. ಮೊತ್ತದ ವಿಷಯವೂ ಉಂಟು. 2024ರ ನವೆಂಬರ್ 1ರಿಂದ ನೈರೋಬಿಯಲ್ಲಿ ಪೂರ್ತಿ ತಿಂಗಳ ಮನೆಕೆಲಸಕ್ಕೆ ಕನಿಷ್ಠ ಕೂಲಿ 16,113 ಶಿಲಿಂಗ್ 75 ಸೆಂಟ್. ನಮ್ಮವರ ಎಷ್ಟು ಮನೆಗಳಲ್ಲಿ ಇದರ ಅರ್ಧ ಕೊಟ್ಟು, ಕ್ರಿಸ್‌ಮಸ್ಸಿಗೆ ಒಂದು ಹಳೆ ಸ್ವೆಟರ್ ಕೊಟ್ಟು, ಅದನ್ನು ದಾನ ಅಂತ ಎಣಿಸುತ್ತಾರೆ! ಇಲ್ಲಿಗೆ ಕೂಲಿಗೆ ಬಂದವರು ನಾವೂ. ನಮ್ಮ ಸಂಬಳ ಎರಡು ದಿನ ತಡವಾದರೆ ಈ ಪತ್ರಿಕೆಗೆ ಎಷ್ಟು ಫೋನ್ ಬರುತ್ತದೆ ಅಂತ ನನಗೆ ಗೊತ್ತುಂಟು. ಈಗ ನಮ್ಮ ಮನೆಯಲ್ಲಿ ಇಪ್ಪತ್ತೆಂಟಕ್ಕೆ ಮೊದಲು ಹೋಗುವ ಹಣ ಅವರದ್ದು, ಬಾಕಿ ಎಲ್ಲ ಆಮೇಲೆ.

ಪ್ರಾರ್ಥನಾ ಕೂಟಕ್ಕೆ ಈಗ ಬೇರೆಯೇ ಒಂದು ಸಿಮ್ ಉಂಟು. ಫೋನ್ ನನ್ನ ಹತ್ತಿರ, ಪಿನ್ ಆ ಬ್ರಹ್ಮಾವರದ ಅಕ್ಕನ ಹತ್ತಿರ. ಅವರಿಲ್ಲದೆ ನಾನು ಒಂದು ಶಿಲಿಂಗ್ ಕಳಿಸಲು ಆಗುವುದಿಲ್ಲ. ಕೊಟ್ಟವರ ಹೆಸರು ಪುಸ್ತಕದಲ್ಲಿ ಮಾತ್ರ, ಹೊರಗೆ ಹೇಳುವುದಿಲ್ಲ. ಖರ್ಚಿನದ್ದು ಪ್ರತಿಯೊಂದೂ ತಿಂಗಳಿಗೊಮ್ಮೆ ಕನ್ನಡದಲ್ಲಿ ಬರೆದು ಓದುತ್ತೇವೆ. ಹುಡುಗರಿಗೆ ಆಕಳಿಕೆ ಬರುತ್ತದೆ.

ಅದಲ್ಲದೆ ಅಡುಗೆಮನೆಯಲ್ಲಿ ಒಂದು ಖಾಲಿ ಕಿಂಬೊ ಡಬ್ಬಿ ಇಟ್ಟಿದ್ದೇನೆ, ಮುಚ್ಚಳಕ್ಕೆ ತೂತು ಕೊರೆದು. ಕಷ್ಟದಲ್ಲಿರುವವರಿಗೆ ಅಂತ ಚಿಲ್ಲರೆ ಹಾಕಲು. ಕಳೆದ ಶನಿವಾರ ಆ ಹಾಸನದ ಹುಡುಗ ಮೊದಲ ಸಲ ಬಂದಿದ್ದ, ಹೋಗುವಾಗ ಏನೋ ಹಾಕಿದ ಶಬ್ದ ಕೇಳಿತು. ಅಕ್ಕನೂ ನಾನೂ ಕೂತು ಎಣಿಸಿದಾಗ 1,340 ಶಿಲಿಂಗ್ ಇತ್ತು, ಜೊತೆಗೆ ಊರಿನ ಒಂದು ಹತ್ತು ರೂಪಾಯಿ ನಾಣ್ಯ. "ಇದನ್ನು ಯಾವ ಕಾಲಮಿನಲ್ಲಿ ಬರೆಯೋದು ಬ್ರದರ್?" ಅಂತ ಅಕ್ಕ ಕೇಳಿದರು. ಪುಸ್ತಕದಲ್ಲಿ ಹೊಸತಾಗಿ ಒಂದು ಗೆರೆ ಎಳೆದು 'ರೂಪಾಯಿ' ಅಂತ ಬರೆದೆವು.